ಅಟ್ಟಣೆ ಕೆಂಪಿಯ ಎರಡನೆಯ ಕೊನೆ

ಸೋಮವಾರ ಬೆಳಿಗ್ಗೆ ದೀಪಶ್ರೀ ಕಳಿಸಿದ್ದ ವೀಡಿಯೊ ಇಪ್ಪತ್ತಾರು ಸೆಕೆಂಡಿನದು. ಶಿವರತ್ನಮ್ಮನವರಿಗೆ ಮೊದಲ ಸಲ ನೋಡಿದಾಗ ಏನೆಂದು ತಿಳಿಯಲಿಲ್ಲ. ಎರಡನೆಯ ಸಲ ನೋಡುತ್ತ ಕೈಲಿದ್ದ ಕಾಫಿ ಲೋಟವನ್ನು ಮೆಲ್ಲಗೆ ಕೆಳಗಿಟ್ಟರು. ಮೂರನೆಯ ಸಲ ಕೊನೆಯವರೆಗೂ ನೋಡಲಾಗದೆ ಫೋನನ್ನು ಮೇಜಿನ ಮೇಲೆ ಮಗುಚಿಹಾಕಿ, ಅದರ ಮೇಲೆ ಅಂಗೈ ಒತ್ತಿಕೊಂಡು ಕೂತರು.

ಕೊಯ್ಲಿಗೆ ಬಂದ ರಾಗಿ ಹೊಲಗಳ ನಡುವೆ ಒಂದು ಮಣ್ಣಿನ ದಾರಿ. ದಾರಿಯ ನಡುವೆ ಒಂಟಿ ಸಲಗ. ಅದರ ಎದುರಿಗೆ, ಹೆಚ್ಚೆಂದರೆ ಹದಿನೈದು ಮಾರು ದೂರದಲ್ಲಿ, ಬೆನ್ನಿಗೆ ಸ್ಕೂಲ್ ಬ್ಯಾಗು ಹಾಕಿಕೊಂಡ ಒಬ್ಬ ಹುಡುಗಿ. ಅವಳು ಓಡುತ್ತಿಲ್ಲ, ಕೂಗುತ್ತಿಲ್ಲ. ಎರಡೂ ಕೈ ಮುಗಿದುಕೊಂಡು ನಿಂತು ಹಾಡು ಹೇಳುತ್ತಿದ್ದಾಳೆ. ವೀಡಿಯೊ ಮಾಡುತ್ತಿದ್ದ ಬೈಕಿನವನ ಬಾಯಲ್ಲಿ ಮಾದಪ್ಪ ಮಾದಪ್ಪ ಎಂದು ಒಂದೇ ಸಮನೆ ಜಪ. ಆನೆ ಕಿವಿ ಅಗಲಿಸಿತು, ಒಂದು ಹೆಜ್ಜೆ ಮುಂದಿಟ್ಟಿತು, ನಿಂತಿತು. ಆಮೇಲೆ ಪಕ್ಕಕ್ಕೆ ತಿರುಗಿ ಲಂಟಾನದ ಪೊದೆಯೊಳಕ್ಕೆ ಹೊರಟುಹೋಯಿತು.

ದೀಪಶ್ರೀ ಲೊಕ್ಕನಹಳ್ಳಿ ಕಡೆ ಕಾಡಂಚಿನ ಒಂದು ಸಣ್ಣ ಶಾಲೆಯ ಟೀಚರು. ವೀಡಿಯೊದ ಕೆಳಗೆ ಉದ್ದಕ್ಕೆ ಬರೆದಿದ್ದಳು. ಹುಡುಗಿ ಅವಳ ಶಾಲೆಯ ಏಳನೆಯ ಕ್ಲಾಸಿನ ಪವಿತ್ರ, ಶಿವರತ್ನಮ್ಮನವರ ನಾಟಕದಲ್ಲಿ ಕೆಂಪಿಯ ಪಾರ್ಟು ಮಾಡುವವಳು. ಹಾಡುತ್ತಿರುವುದು ಆ ನಾಟಕದ ಹಾಡನ್ನೇ. ನಿಮ್ಮ ನಾಟಕ ಒಂದು ಮಗುವಿನ ಪ್ರಾಣ ಉಳಿಸಿತು ಮೇಡಂ ಎಂದು ಮುಗಿಸಿ, ಕೈ ಮುಗಿದ ಗೊಂಬೆಗಳನ್ನು ಸಾಲಾಗಿ ಅಂಟಿಸಿದ್ದಳು.

ಗಂಡ ಶಿವರುದ್ರಸ್ವಾಮಿ ಕುರ್ಚಿಯ ಹಿಂದೆ ನಿಂತೇ ಎಲ್ಲವನ್ನೂ ಓದಿಕೊಂಡು, ಮಗು ಉಳಿಯಿತಲ್ಲ, ಖುಷಿಪಡುವುದು ಬಿಟ್ಟು ಮುಖ ಯಾಕೆ ಹಾಗೆ ಮಾಡಿಕೊಂಡೆ ಎಂದು ಕೇಳಿದರು. ಶಿವರತ್ನಮ್ಮ ಎದ್ದು ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡು ಬಂದರು.

ಶಿವರತ್ನಮ್ಮನವರನ್ನು ಕೊಳ್ಳೇಗಾಲದಲ್ಲಿ ಅರಿಯದವರಿಲ್ಲ. ಅರಿತವರಲ್ಲಿ ಅವರ ಪುಸ್ತಕ ಓದಿದ ದೊಡ್ಡವರು ಎಷ್ಟು ಮಂದಿ ಎಂದು ಮಾತ್ರ ಕೇಳಬೇಡಿ, ಎಣಿಸಲು ಒಂದು ಕೈ ಸಾಕು. ಅವರು ಬರೆದದ್ದೆಲ್ಲ ಮಕ್ಕಳಿಗೆ. ಯಳಂದೂರಿನಲ್ಲಿ ಇಪ್ಪತ್ತೆರಡು ವರ್ಷ ಟೀಚರಾಗಿದ್ದಾಗ ಅಂಟಿದ ಚಟ, ರಿಟೈರಾದ ಮೇಲೂ ಬಿಡಲಿಲ್ಲ. ಉಪ್ಪಿನ ಮೇಲೊಂದು ಪುಸ್ತಕ, ಹಲ್ಲಿನ ಮೇಲೊಂದು, ಜೇಡ, ಅಂಚೆ, ಸುಣ್ಣ, ತಕ್ಕಡಿ, ಮೋಡ, ರೇಷ್ಮೆಗೂಡು. ಒಂದೊಂದೂ ಮೂವತ್ತೆರಡು ಪುಟ, ಪುಟಕ್ಕೆ ನಾಲ್ಕು ವಾಕ್ಯ, ಒಂದು ಚಿತ್ರ. ಹೀಗೆ ನೂರ ನಲವತ್ತೊಂಬತ್ತು. ಜೊತೆಗೆ ಶಾಲೆಗಳ ವಾರ್ಷಿಕೋತ್ಸವಕ್ಕೆಂದು ಬರೆದ ಹದಿನೆಂಟು ನಾಟಕ. ಇರುವೆಯ ಮೇಲಿನ ನೂರೈವತ್ತನೆಯ ಪುಸ್ತಕ ಮುಂದಿನ ವಾರ ಹನೂರಿನಲ್ಲಿ ನಡೆಯುವ ಮಕ್ಕಳ ನಾಟಕ ಹಬ್ಬದಲ್ಲಿ ಬಿಡುಗಡೆಯಾಗಬೇಕಿತ್ತು. ಅಲ್ಲೇ ಅವರಿಗೆ ಸನ್ಮಾನ.

ಬರೆಯುವುದರಲ್ಲಿ ಅವರದೊಂದು ಹಟವಿತ್ತು. ಹಸ್ತಪ್ರತಿ ಮುಗಿದ ಮೇಲೆ ಆ ಕೆಲಸ ಬಲ್ಲವರ ಮನೆಗೆ ಹೋಗಿ, ಎದುರು ಕೂತು, ಮೊದಲಿಂದ ಕೊನೆವರೆಗೆ ಓದಿ ಹೇಳಬೇಕು. ರೇಷ್ಮೆಯ ಪುಸ್ತಕವನ್ನು ನೂಲು ಬಿಚ್ಚುವ ಹೆಂಗಸರ ಮುಂದೆ ಓದಿದರು, ಹಲ್ಲಿನದನ್ನು ಕಾಮಗೆರೆಯ ಒಬ್ಬ ನರ್ಸಮ್ಮನ ಮುಂದೆ. ಕೇಳಿದವರು ಸರಿ ಎಂದರೆ ಕೊನೆಯ ಹಾಳೆಯಲ್ಲಿ ರುಜು ಹಾಕಬೇಕು, ರುಜು ಬಾರದಿದ್ದರೆ ಹೆಬ್ಬೆಟ್ಟು ಒತ್ತಬೇಕು. ಅದಿಲ್ಲದೆ ಒಂದು ಹಸ್ತಪ್ರತಿಯೂ ಪ್ರೆಸ್ಸಿಗೆ ಹೋದದ್ದಿಲ್ಲ. ಈ ಸುದ್ದಿ ಶಾಲೆಗಳಲ್ಲೆಲ್ಲ ಹಬ್ಬಿ, ಶಿವರತ್ನಮ್ಮ ಬರೆದರೆ ಅದು ಸತ್ಯವೇ ಎಂಬ ಮಾತು ಟೀಚರುಗಳ ಬಾಯಲ್ಲಿ ನಿಂತುಬಿಟ್ಟಿತ್ತು. ಆ ಮಾತು ಕೇಳಿದಾಗಲೆಲ್ಲ ಶಿವರತ್ನಮ್ಮ ಒಳಗೊಳಗೇ ಹಿಗ್ಗುತ್ತಿದ್ದರು, ಸುಳ್ಳೇಕೆ ಹೇಳಬೇಕು.

ಆನೆಯ ಪುಸ್ತಕಕ್ಕೆ ಹೆಬ್ಬೆಟ್ಟು ಒತ್ತಿದವರು ಲೊಕ್ಕನಹಳ್ಳಿಯ ಚಿಕ್ಕಸಿದ್ದಯ್ಯ. ಮೂವತ್ತು ವರ್ಷ ಫಾರೆಸ್ಟ್ ವಾಚರಾಗಿದ್ದವರು. ಅದರ ಹತ್ತೊಂಬತ್ತನೆಯ ಪುಟದಲ್ಲಿ ದಪ್ಪಕ್ಷರದಲ್ಲೇ ಇದೆ: ಆನೆ ಕಂಡರೆ ನಿಲ್ಲಬೇಡ, ಹತ್ತಿರ ಹೋಗಬೇಡ, ಬಂದ ದಾರಿಯಲ್ಲೇ ಹಿಂದಕ್ಕೆ ಸರಿದು ದೊಡ್ಡವರನ್ನು ಸೇರಿಕೊ.

ನಾಟಕಗಳಿಗೆ ಮಾತ್ರ ಈ ರುಜುವಿನ ಕಟ್ಟಳೆ ಇರಲಿಲ್ಲ. ನಾಟಕ ಅಂದರೆ ಆಟ, ಆಟಕ್ಕೆ ಯಾರು ರುಜು ಕೇಳುತ್ತಾರೆ ಎಂದು ಅವರೇ ತೀರ್ಮಾನ ಮಾಡಿಕೊಂಡಿದ್ದರು. ಹೊಲದ ಅಟ್ಟಣೆಯ ಮೇಲೆ ಕೂತು ರಾಗಿ ಕಾಯುವ ಹುಡುಗಿಯ ಕತೆ 'ಅಟ್ಟಣೆ ಕೆಂಪಿ'. ಮೊದಲು ಬರೆದಾಗ ಅದರ ಕೊನೆ ಹತ್ತೊಂಬತ್ತನೆಯ ಪುಟದಂತೆಯೇ ಇತ್ತು. ಆನೆ ಬರುತ್ತದೆ, ಕೆಂಪಿ ಸದ್ದಿಲ್ಲದೆ ಇಳಿದು ಮನೆ ಸೇರಿ ಬಾಗಿಲು ಹಾಕಿಕೊಳ್ಳುತ್ತಾಳೆ, ಬೆಳಿಗ್ಗೆ ಎಲ್ಲರೂ ಬಂದು ಹೊಲ ನೋಡುತ್ತಾರೆ. ಯಳಂದೂರಿನ ಶಾಲೆಯೊಂದರಲ್ಲಿ ತಾಲೀಮು ನೋಡಲು ಕೂತಿದ್ದ ಮಕ್ಕಳು ಆಕಳಿಸಿದರು. ಮುಂದಿನ ಸಾಲಿನ ಒಬ್ಬಳು, ಅಷ್ಟೇನಾ ಎಂದು ಕೇಳಿದಳು.

ಆ 'ಅಷ್ಟೇನಾ' ಎಲ್ಲಿಗೆ ತಾಗಬೇಕೋ ಅಲ್ಲಿಗೆ ತಾಗಿತು. ಶಿವರತ್ನಮ್ಮ ಮನೆಗೆ ಬಂದು ಒಂದೇ ಉಸಿರಿಗೆ ಬೇರೆ ಕೊನೆ ಬರೆದರು. ಕೆಂಪಿ ಅಟ್ಟಣೆಯಿಂದಿಳಿದು ಆನೆಯ ಎದುರಿಗೆ ಹೋಗಿ ನಿಲ್ಲುತ್ತಾಳೆ, ಕೈ ಮುಗಿಯುತ್ತಾಳೆ, ನಮ್ಮ ಹೊಟ್ಟೆಗೂ ಒಂದಿಷ್ಟು ಉಳಿಸಪ್ಪ ಎಂದು ಹಾಡುತ್ತಾಳೆ. ಆನೆ ಸೊಂಡಿಲೆತ್ತಿ ಹರಸಿ ಹೊರಟುಹೋಗುತ್ತದೆ. ಮೊದಲ ಪ್ರದರ್ಶನದ ದಿನ ಜನ ಎದ್ದು ನಿಂತು ಚಪ್ಪಾಳೆ ಹೊಡೆದರು, ಅಜ್ಜಿಯರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಅಷ್ಟೊಂದು ಪುಸ್ತಕ ಬರೆದರೂ ಶಿವರತ್ನಮ್ಮನವರಿಗೆ ಒಂದು ಸಲವೂ ಚಪ್ಪಾಳೆ ಸಿಕ್ಕಿರಲಿಲ್ಲ. ಉಪ್ಪಿನ ಪುಸ್ತಕ ಓದಿ ಯಾರು ಚಪ್ಪಾಳೆ ಹೊಡೆಯುತ್ತಾರೆ? ಆಮೇಲೆ ನಾಲ್ಕು ವರ್ಷದಲ್ಲಿ ಆ ನಾಟಕ ನಲವತ್ತು ಶಾಲೆಗಳಲ್ಲಿ ಆಡಿತು.

ಮಂಗಳವಾರವೇ ಅವರು ಬಸ್ಸು ಹತ್ತಿದರು. ಕಾಮಗೆರೆ ದಾಟುವವರೆಗೂ ಏನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿದರು, ಹನೂರು ಬರುವಷ್ಟರಲ್ಲಿ ಜೋಡಿಸಿದ್ದೆಲ್ಲ ಕೆದರಿಹೋಗಿತ್ತು. ಲೊಕ್ಕನಹಳ್ಳಿಯಲ್ಲಿ ಇಳಿದು ನೇರ ಚಿಕ್ಕಸಿದ್ದಯ್ಯನ ಮನೆಗೆ ಹೋದರು. ಮುದುಕ ಜಗಲಿಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದ. ವೀಡಿಯೊವನ್ನು ಆಗಲೇ ಹತ್ತು ಮಂದಿ ತೋರಿಸಿದ್ದರಂತೆ. ಇನ್ನೊಂದು ಸಲ ನೋಡಿ, ಅದು ಯಾಕೆ ತಿರುಗಿತು ಹೇಳಿ ಎಂದು ಶಿವರತ್ನಮ್ಮ ಕೇಳಿಕೊಂಡರು.

ಚಿಕ್ಕಸಿದ್ದಯ್ಯ ಕಣ್ಣಿಗೆ ಹತ್ತಿರ ಹಿಡಿದು ನೋಡಿದ. ಮತ್ತೆ ಹಾಕಿಸಿಕೊಂಡು, ಈ ಸಲ ನೋಡದೆ ಫೋನನ್ನು ಕಿವಿಗೆ ಹಚ್ಚಿಕೊಂಡು ಕೇಳಿದ. ಮೂರನೆಯ ಸಲಕ್ಕೆ ಬೆರಳೆತ್ತಿದ.

"ಸೊಂಡ್ಲು ಒಳಕ್ಕೆ ಸುತ್ಕತು ನೋಡವ್ವ. ಅದು ನುಗ್ಗಾಕೆ ರೆಡಿಯಾಗಿತ್ತು. ಈಗ ಕೇಳು, ಡಬ್ ಅಂತು. ಆಚೆ ಹೊಲದಲ್ಲಿ ಯಾರೋ ಪಟಾಕಿ ಹೊಡ್ದವ್ರೆ. ಅದ್ಕೆ ತಿರೀಕತು. ಆ ಮಗೀನ ಹಾಡಿಗಲ್ಲ."

ಶಿವರತ್ನಮ್ಮ ಫೋನನ್ನು ಕಿವಿಗಿಟ್ಟುಕೊಂಡರು. ಮಾದಪ್ಪನ ಜಪದ ಅಡಿಯಲ್ಲಿ, ಇಪ್ಪತ್ತೊಂದನೆಯ ಸೆಕೆಂಡಿಗೆ, ದೂರದಲ್ಲಿ ಬಾಗಿಲು ಬಡಿದಂಥ ಒಂದು ಸದ್ದು. ಅದು ಕೇಳಿದ ಕೂಡಲೇ ಆನೆಯ ತಲೆ ಹೊರಳಿತು. ನಿನ್ನೆಯಿಂದ ಇಪ್ಪತ್ತು ಸಲ ನೋಡಿದರೂ ಅವರಿಗೆ ಅದು ಕೇಳಿಸಿರಲಿಲ್ಲ. ಯಾರೋ ತನ್ನ ರಾಗಿ ಉಳಿಸಿಕೊಳ್ಳಲು ಹೊಡೆದ ಒಂದು ಪಟಾಕಿ. ಆ ಪುಣ್ಯಾತ್ಮ ಆ ಗಳಿಗೆಯಲ್ಲಿ ಬೀಡಿ ಹಚ್ಚುತ್ತ ಕೂತಿದ್ದರೆ? ಶಿವರತ್ನಮ್ಮ ಜಗಲಿಯ ಮೇಲೆ ಕೂತರು.

ಚಿಕ್ಕಸಿದ್ದಯ್ಯ ನೀರು ತರಿಸಿಕೊಟ್ಟ. ಕುಡಿದು ಮುಗಿಸಿದ ಮೇಲೆ ಕೇಳಿದ.

"ಪುಸ್ತಕಕ್ಕೆ ಅಂತ ಎರಡು ದಿನ ಕೂತು ಓದಿ ಹೆಬ್ಬೆಟ್ಟು ಒತ್ತಿಸ್ಕಂಡ್ರಿ. ನಾಟ್ಕಕ್ಕೆ ಯಾಕವ್ವ ನನ್ನ ಕೇಳ್ನಿಲ್ಲ?"

ಶಿವರತ್ನಮ್ಮ ಲೋಟ ಕೆಳಗಿಟ್ಟು, ಹನೂರಿಗೆ ಬಂದು ನಾಲ್ಕು ಜನರೆದುರು ಈ ಪಟಾಕಿಯ ಮಾತು ಹೇಳುತ್ತೀರಾ ಎಂದು ಕೇಳಿದರು. ಮುದುಕ ಆಗದು ಎಂದು ತಲೆಯಾಡಿಸಿದ. ಊರೆಲ್ಲ ಮಾದಪ್ಪನ ಸತ್ಯ ಎಂದು ಕೈ ಮುಗಿಯುತ್ತಿರುವಾಗ ತಾನೊಬ್ಬ ಅಲ್ಲ ಎಂದರೆ ನಾಳೆ ಯಾರೂ ತನ್ನ ಜಗಲಿ ಹತ್ತುವುದಿಲ್ಲ, ಬರೆದವರು ನೀವು, ಹೇಳುವವರೂ ನೀವೇ ಆಗಬೇಕು ಎಂದು ಹಗ್ಗ ಕೈಗೆತ್ತಿಕೊಂಡ.

ಪವಿತ್ರಳ ಮನೆಯಲ್ಲಿ ಸಣ್ಣ ಜಾತ್ರೆಯೇ ನೆರೆದಿತ್ತು. ಪಕ್ಕದ ಊರಿನವರು ಕಾಯಿ, ಹೂವು ತಂದು ಹುಡುಗಿಯನ್ನು ನೋಡಿಕೊಂಡು ಹೋಗುತ್ತಿದ್ದರು. ಅಜ್ಜಿ ಚಿಕ್ಕನಿಂಗಮ್ಮ ಮೊಮ್ಮಗಳ ಹಣೆಗೆ ಅಗಲವಾಗಿ ವಿಭೂತಿ ಬಳಿದಿದ್ದಳು. ಶಿವರತ್ನಮ್ಮನವರನ್ನು ಕಂಡದ್ದೇ ತಡ, ಮಾದಪ್ಪನೇ ನಿಮ್ಮ ಕೈಲಿ ಕೂತು ಬರೆಸಿದ್ದಾನೆ ಎಂದು ಅಡ್ಡ ಬೀಳಲು ಬಂದಳು. ಶಿವರತ್ನಮ್ಮ ಹೌಹಾರಿ ಹಿಂದಕ್ಕೆ ಸರಿದರು.

ಪವಿತ್ರ ಸಣ್ಣ ಮೈಕಟ್ಟಿನ, ನೇರ ನೋಟದ ಹುಡುಗಿ. ಅವಳನ್ನು ಹಿತ್ತಲಿಗೆ ಕರೆದು, ಪಟಾಕಿಯ ಸದ್ದು ಕೇಳಿಸಿದರು. ಆ ಕೊನೆ ತಾವು ಕಟ್ಟಿ ಬರೆದದ್ದು, ಹಾಗೆ ಎಲ್ಲೂ ನಡೆದಿಲ್ಲ, ಇನ್ನು ಮೇಲೆ ಆನೆ ಕಂಡರೆ ಹಿಂದಕ್ಕೆ ಬರಬೇಕು, ಆನೆಯ ಪುಸ್ತಕದಲ್ಲಿ ಇದೆಯಲ್ಲ ಎಂದು ಮೆಲ್ಲಗೆ ಹೇಳಿದರು. ಹುಡುಗಿ ಕೇಳಿಸಿಕೊಂಡು ನಕ್ಕಳು. ಅದನ್ನೂ ಓದಿದ್ದೇನೆ, ಅದು ಪಾಠ, ಇದು ನಾನೇ ಮಾಡಿ ನೋಡಿದ್ದು ಎಂದಳು. ಈಗ ಶಾಲೆಗೆ ಹೋಗುವಾಗ ದಾರಿಯಲ್ಲಿ ಭಯವೇ ಆಗುವುದಿಲ್ಲವಂತೆ. ಮುಂಚೆ ಎಷ್ಟೋ ದಿನ ಅಜ್ಜಿ ಜೊತೆಗೆ ಬರುತ್ತಿದ್ದಳು, ಇನ್ನು ದಿನವೂ ಒಬ್ಬಳೇ ಹೋಗುತ್ತಾಳಂತೆ.

"ನೀವು ಸುಳ್ಳು ಬರಿಯಲ್ಲ ಅಂತ ನಮ್ ಮಿಸ್ಸು ಯಾವಾಗ್ಲೂ ಏಳ್ತಾರೆ," ಎಂದಳು.

ವಾಪಸು ಬರುವಾಗ ಬಸ್ಸಿನಲ್ಲಿ ಶಿವರತ್ನಮ್ಮ ಕಿಟಕಿಯಾಚೆ ನೋಡಲಿಲ್ಲ. ಇದುವರೆಗೆ ಬರೆದ ಅಷ್ಟೂ ಪುಸ್ತಕಗಳ ಸತ್ಯ ಸೇರಿಕೊಂಡು ಈ ಒಂದು ಸುಳ್ಳಿಗೆ ಜಾಮೀನು ನಿಂತಿತ್ತು. ಪುಸ್ತಕಗಳಲ್ಲಿ ಅಲ್ಲೊಂದು ಇಲ್ಲೊಂದು ತಪ್ಪು ಬರೆದಿದ್ದರೆ ಈ ಹುಡುಗಿ ಅನುಮಾನಪಡುತ್ತಿದ್ದಳೇನೋ. ಅಂಥ ಹುಚ್ಚು ಯೋಚನೆ ಬಂದದ್ದಕ್ಕೆ ಅವರಿಗೆ ತಮ್ಮ ಮೇಲೇ ಸಿಟ್ಟು ಬಂತು.

ಪುಸ್ತಕಗಳನ್ನೆಲ್ಲ ಅಚ್ಚು ಹಾಕುತ್ತಿದ್ದ ಪ್ರಭುಸ್ವಾಮಿಯ ಪ್ರೆಸ್ಸು ಕೊಳ್ಳೇಗಾಲದಲ್ಲೇ ಇತ್ತು. ಹನೂರಿನ ನಾಟಕ ಹಬ್ಬದ ಮುಂದಾಳೂ ಅವನೇ. ಬುಧವಾರ ಹೋಗಿ ನೋಡಿದರೆ, 'ಅಟ್ಟಣೆ ಕೆಂಪಿ'ಯನ್ನು ಪುಸ್ತಕವಾಗಿ ಕಾಡಂಚಿನ ಶಾಲೆಗಳಿಗೆಲ್ಲ ಹಂಚುವುದಕ್ಕೆ ಐದು ಸಾವಿರ ಪ್ರತಿಗೆ ಸಿದ್ಧತೆ ನಡೆದಿತ್ತು. ಮುಖಪುಟದಲ್ಲಿ ಆನೆಯ ಎದುರು ಕೈ ಮುಗಿದ ಪವಿತ್ರ. ಪ್ರಭುಸ್ವಾಮಿ ಸಂಭ್ರಮದಿಂದ ತೋರಿಸಿದ. ಶಿವರತ್ನಮ್ಮ ಕೊನೆಯ ದೃಶ್ಯ ತೆಗೆಯಬೇಕು ಎಂದರು. ಅವನಿಗೆ ಮೊದಲು ತಮಾಷೆ ಎನಿಸಿತು, ಆಮೇಲೆ ಬೆವರಿದ. ಬ್ಯಾನರು ಕಟ್ಟಿಯಾಗಿದೆ, ಪವಿತ್ರಳಿಗೆ ಶೌರ್ಯದ ಪದಕ ಮಾಡಿಸಿಯಾಗಿದೆ, ಅತಿಥಿಗಳು ಬರುವುದೇ ಆ ದೃಶ್ಯ ನೋಡಲು, ಇಷ್ಟು ವರ್ಷದ ಮೇಲೆ ನಿಮಗೆ ಸಿಗುತ್ತಿರುವ ಒಂದು ಒಳ್ಳೆ ಹೆಸರಿಗೆ ನೀವೇ ಮಣ್ಣು ಹಾಕಿಕೊಳ್ಳುತ್ತೀರಾ ಎಂದು ಕೇಳಿದ. ಕೊನೆಗೆ ಒಂದು ದಾರಿ ತೋರಿಸಿದ. ಹಿಂಬದಿಯ ಪುಟದಲ್ಲಿ, ಈ ನಾಟಕ ಕಾಲ್ಪನಿಕ ಎಂದು ಒಂದು ಸಾಲು ಸಣ್ಣಕ್ಷರದಲ್ಲಿ ಹಾಕಿದರಾಯಿತಲ್ಲ.

ಶಿವರತ್ನಮ್ಮ ಆಗಲಿ ಎಂದರು. ಹೌದು, ಎಂದರು. ಮನೆಗೆ ಬಂದು, ಒಂದು ಸಾಲು ಹಾಕಿಸಿದ್ದೇನೆ ಎಂದು ಗಂಡನಿಗೆ ಹೇಳಿ, ಎರಡು ದಿನದಿಂದ ಬಿಟ್ಟಿದ್ದ ಊಟ ಮಾಡಿದರು. ಸನ್ಮಾನಕ್ಕೆ ಉಡಬೇಕಾದ ರೇಷ್ಮೆ ಸೀರೆಯನ್ನು ಇಸ್ತ್ರಿಗೂ ಕೊಟ್ಟರು. ಹದಿಮೂರು ವರ್ಷದ ಹುಡುಗಿ ಹಿಂಬದಿಯ ಪುಟದ ಸಣ್ಣಕ್ಷರ ಓದುತ್ತಾಳೆಯೇ ಎಂದು ತಮ್ಮನ್ನು ತಾವೇ ಕೇಳಿಕೊಳ್ಳದಂತೆ ಮೂರು ದಿನ ಹೇಗೋ ತಳ್ಳಿದರು. ಫೋನು ಗುಂಯ್ ಅಂದರೆ ಸಾಕು, ಕೈಲಿದ್ದ ಕೆಲಸ ಬಿಟ್ಟು ಓಡಿಬಂದು ನೋಡುತ್ತಿದ್ದರು.

ಶನಿವಾರ ಫೋನು ಬಂದೇ ಬಂತು. ದೀಪಶ್ರೀಯೇ. ದನಿಯಲ್ಲಿ ಹೆಮ್ಮೆ. ಪಾಲಾರ್ ಕಡೆಯ ಒಂದು ಊರಿನ ಶಾಲೆಯವರೂ ಈ ನಾಟಕ ಆಡಿದ್ದರು. ಅಲ್ಲಿ ನಿನ್ನೆ ಸಂಜೆ ಮೂವರು ಹುಡುಗಿಯರು ಕೆರೆಯ ಹತ್ತಿರ ಆನೆ ಕಂಡಾಗ ಓಡದೆ, ಕೈ ಕೈ ಹಿಡಿದು ಹಾಡುತ್ತ ಅದರತ್ತ ನಡೆದುಹೋದರಂತೆ. ದನ ಹೊಡೆದುಕೊಂಡು ಬರುತ್ತಿದ್ದ ಒಬ್ಬ ಮುದುಕಿ ತಮಿಳಿನಲ್ಲಿ ಬೈಯುತ್ತ ಓಡಿಬಂದು, ಜುಟ್ಟು ಹಿಡಿದು ಎಳೆದುಕೊಂಡು ಹೋದಳಂತೆ. ಪವಿತ್ರಳ ವೀಡಿಯೊ ಅಲ್ಲಿಗೂ ಮುಟ್ಟಿದೆ ನೋಡಿ ಮೇಡಂ ಎಂದು ದೀಪಶ್ರೀ ನಕ್ಕಳು. ಶಿವರತ್ನಮ್ಮನವರಿಗೆ ಆ ಮುದುಕಿಯ ಕಾಲು ಎಲ್ಲಿದೆಯೋ ಹುಡುಕಿ ಹಿಡಿದುಕೊಳ್ಳಬೇಕು ಎನಿಸಿತು.

ಅಂದೇ ಅವರು ಮೊದಲಿನ ಕೊನೆಯನ್ನು, ಬಾಗಿಲು ಹಾಕಿಕೊಳ್ಳುವ ಆ ಸಪ್ಪೆ ಕೊನೆಯನ್ನು, ಮತ್ತೆ ಬರೆದು ದೀಪಶ್ರೀಗೆ ಕಳಿಸಿದರು. ಇದನ್ನೇ ಆಡಿಸಬೇಕು, ಇಲ್ಲವಾದರೆ ನಾಟಕವೇ ಬೇಡ ಎಂದು ಕೆಳಗೆ ಬರೆದರು. ಓದಿದ್ದಕ್ಕೆ ಗುರುತಾಗಿ ಎರಡು ನೀಲಿ ಗೆರೆ ಮೂಡಿತು. ಉತ್ತರ ಬರಲಿಲ್ಲ. ಫೋನು ಮಾಡಿದರೆ ಎತ್ತಲಿಲ್ಲ. ಮಂಗಳವಾರ ಒಂದು ಮೆಸೇಜು ಬಂತು: ಮಕ್ಕಳಿಗೆ ಹೊಸ ಮಾತು ಕಲಿಯಲು ದಿನವಿಲ್ಲ, ಪವಿತ್ರ ಅಳುತ್ತಿದ್ದಾಳೆ, ಪ್ರಭುಸ್ವಾಮಿ ಸರ್ ಹಾಡಿನ ಕೊನೆಯೇ ಇರಲಿ ಅಂದಿದ್ದಾರೆ, ನೋಡೋಣ ಮೇಡಂ. ಆ 'ನೋಡೋಣ'ವನ್ನು ಹಿಡಿದುಕೊಂಡು ಎರಡು ದಿನ ಕಳೆಯಬೇಕಾಯಿತು. ಪುಸ್ತಕ ನಿಲ್ಲಿಸಿ ಎನ್ನಲು ಪ್ರೆಸ್ಸಿಗೆ ಹೋದರೆ ಪ್ರಭುಸ್ವಾಮಿ ಮೈಸೂರಿಗೆ ಹೋಗಿದ್ದಾನೆ ಎಂದರು.

ಗುರುವಾರ ಹನೂರಿನ ಸಭಾಂಗಣ ಬೆಳಿಗ್ಗೆ ಹತ್ತಕ್ಕೇ ತುಂಬಿತ್ತು. ಹದಿನಾಲ್ಕು ಶಾಲೆಯ ಮಕ್ಕಳು, ಅವರ ಅಪ್ಪ ಅಮ್ಮ, ಅಜ್ಜಿಯರು. ಶಿವರತ್ನಮ್ಮನವರನ್ನು ಮುಂದಿನ ಸಾಲಿನ ಸೋಫಾದಲ್ಲಿ ಕೂರಿಸಿದರು. ಪ್ರಭುಸ್ವಾಮಿ ಬಂದು ಕೈ ಮುಗಿದು, ಮಾತಿಗೆ ಸಿಗದೆ ಪಕ್ಕಕ್ಕೆ ಸರಿದ. ಪರದೆ ಎದ್ದಿತು. ಅಟ್ಟಣೆಯ ಮೇಲೆ ಪವಿತ್ರ, ಕೆಳಗೆ ಬಟ್ಟೆಯ ರಾಗಿ ತೆನೆ. ಗೋಣಿಚೀಲದ ಆನೆ ಒಳಗಿಬ್ಬರು ಹುಡುಗಿಯರನ್ನು ಹೊತ್ತು ಬಂತು. ಶಿವರತ್ನಮ್ಮ ಸೋಫಾದ ಕೈ ಹಿಡಿದುಕೊಂಡರು. ಇಳಿ, ಮನೆಗೆ ಹೋಗು, ಬಾಗಿಲು ಹಾಕು ಎಂದು ಮನಸ್ಸಿನಲ್ಲೇ ಹೇಳುತ್ತಿದ್ದರು. ಪವಿತ್ರ ಇಳಿದಳು. ಒಂದು ಗಳಿಗೆ ನಿಂತಳು. ನೇರ ಆನೆಯ ಮುಂದೆ ಹೋಗಿ ಕೈ ಮುಗಿದು ಹಾಡತೊಡಗಿದಳು.

ಚಪ್ಪಾಳೆ ನಿಲ್ಲಲೇ ಇಲ್ಲ. ಚಿಕ್ಕನಿಂಗಮ್ಮ ವೇದಿಕೆಗೆ ಬಂದು ಮೊಮ್ಮಗಳ ನೆಟಿಗೆ ತೆಗೆದಳು. ಹುಡುಗಿಯ ಕೊರಳಿಗೆ ಪದಕ ಬಿತ್ತು. ಆಮೇಲೆ ಶಿವರತ್ನಮ್ಮನವರನ್ನು ಕರೆದು ಶಾಲು ಹೊದಿಸಿದರು, ಪೇಟ ಇಟ್ಟರು, ಇರುವೆಯ ಪುಸ್ತಕದ ಕಟ್ಟು ಬಿಚ್ಚಿದರು. ಎರಡು ಮಾತು ಆಡಿ ಮೇಡಂ ಎಂದು ಪ್ರಭುಸ್ವಾಮಿ ಮೈಕು ಕೊಟ್ಟ.

ಶಿವರತ್ನಮ್ಮ ಮೈಕು ಹಿಡಿದು ಮುಂದಕ್ಕೆ ಬಂದರು. ಎದುರಿಗೆ ಅಷ್ಟೂ ಮಕ್ಕಳ ಮುಖ, ಒಂದೊಂದೂ ಅವರನ್ನು ನಂಬಿ ಕೂತ ಮುಖ. ನಾಳೆ ನಿಮ್ಮ ದಾರಿಗೆ ಆನೆ ಬಂದರೆ ಕೆಂಪಿಯ ಹಾಗೆ ನಿಂತು ಹಾಡುವವರು ಕೈಯೆತ್ತಿ ಎಂದು ಕೇಳಿದರು. ಅರ್ಧಕ್ಕೆ ಅರ್ಧ ಸಭಾಂಗಣ ಕೈಯೆತ್ತಿತು. ಸಣ್ಣ ಸಣ್ಣ ಮಕ್ಕಳು ಬೆಂಚಿನ ಮೇಲೆ ನಿಂತು ಕೈಯೆತ್ತಿದರು. ಜನ ನಕ್ಕು ಚಪ್ಪಾಳೆ ಹೊಡೆದರು. ಶಿವರತ್ನಮ್ಮನವರಿಗೆ ಅಲ್ಲೇ ಅಳು ಬಂತು, ಆದರೆ ಅಳುವ ಹೊತ್ತಲ್ಲ ಎಂದು ನುಂಗಿಕೊಂಡರು.

"ಮಕ್ಕಳೇ, ಅದು ಸುಳ್ಳು," ಎಂದರು. "ನಾನು ಬರೆದದ್ದು ಸುಳ್ಳು. ಚಪ್ಪಾಳೆ ಬೇಕಿತ್ತು, ಅದಕ್ಕೆ ಬರೆದೆ."

ಪ್ರಭುಸ್ವಾಮಿ ಕೆಮ್ಮಿದ. ಹಿಂದಿನ ಸಾಲುಗಳಲ್ಲಿ ಗುಜುಗುಜು ಎದ್ದಿತು. ಶಿವರತ್ನಮ್ಮ ಫೋನು ತೆಗೆದು, ವೀಡಿಯೊ ಹಾಕಿ, ಅದನ್ನು ಮೈಕಿಗೆ ಒತ್ತಿ ಹಿಡಿದರು. ಮಾದಪ್ಪ ಮಾದಪ್ಪ ಎಂಬ ದನಿ ಸಭಾಂಗಣದ ತುಂಬ ಹರಡಿತು. ಈಗ ಕೇಳಿ ಎಂದರು. ಡಬ್ ಎಂದಿತು. ಆನೆ ತಿರುಗಿದ್ದು ಇದಕ್ಕೆ ಎಂದರು. ಎರಡನೆಯ ಸಲ ಹಾಕಿದಾಗ ಹೊಲ ಕಾದು ಗೊತ್ತಿದ್ದ ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಈಗ ಯಾರು ನಿಲ್ಲುತ್ತೀರಿ, ಕೈಯೆತ್ತಿ ಎಂದು ಮತ್ತೆ ಕೇಳಿದರು. ಎದುರಿಗೆ ಒಂದೂ ಕೈ ಏಳಲಿಲ್ಲ. ಮೂರನೆಯ ಸಾಲಿನ ಒಬ್ಬಳು ಎದ್ದು ನಿಂತು, ಹಾಗಾದರೆ ಜೇಡಕ್ಕೆ ಎಂಟು ಕಾಲು ಅಂತ ಬರೆದಿದ್ದೂ ಸುಳ್ಳಾ ಎಂದು ಕೇಳಿದಳು. ಯಾರೋ ನಕ್ಕರು. ಶಿವರತ್ನಮ್ಮ ನಗಲಿಲ್ಲ. ನೀನೇ ಒಂದು ಜೇಡ ಹುಡುಕಿ ಎಣಿಸಿ ನೋಡಮ್ಮ, ನಾನು ಹೇಳಿದೆ ಅಂತ ನಂಬಬೇಡ ಎಂದರು. ಇಪ್ಪತ್ತಾರು ವರ್ಷ ಕಟ್ಟಿದ್ದ ಹೆಸರು ಅಲ್ಲಿಗೆ ಹೋಯಿತು ಎಂದು ಅವರಿಗೆ ಗೊತ್ತಾಯಿತು. ಸಂಕಟವೇ ಆಯಿತು.

ಒಂದು ಕೈ ಇನ್ನೂ ಮೇಲಿತ್ತು. ಅವರ ಬೆನ್ನ ಹಿಂದೆ, ವೇದಿಕೆಯ ಮೇಲೆ, ಕೆಂಪಿಯ ಸೀರೆ ಉಟ್ಟು ಪದಕ ಹಾಕಿಕೊಂಡ ಪವಿತ್ರಳ ಕೈ. ಮುಖ ಸಿಟ್ಟಿನಿಂದ ಕೆಂಪಾಗಿತ್ತು. ಜನರೆದುರು ತನ್ನದೆನ್ನುವ ಒಂದೇ ಒಂದು ದೊಡ್ಡ ಸಂಗತಿಯನ್ನು ಈ ಹೆಂಗಸು ಕಿತ್ತುಕೊಂಡಳು ಎಂಬ ಸಿಟ್ಟು. ಶಿವರತ್ನಮ್ಮ ಮೈಕನ್ನು ಕೆಳಗಿಟ್ಟು ಅವಳ ಹತ್ತಿರ ಹೋದರು. ಫೋನನ್ನು ಅವಳ ಕಿವಿಗೆ ಹಿಡಿದು ಇನ್ನೊಮ್ಮೆ ಹಾಕಿದರು. ಹುಡುಗಿ ಕೇಳಿದಳು. ಹಿತ್ತಲಲ್ಲಿ ಅಂದು ಕೇಳಿಯೂ ನಕ್ಕಿದ್ದವಳು ಇಂದು ಕಣ್ಣು ಮುಚ್ಚಿ ಪೂರ್ತಿ ಕೇಳಿಸಿಕೊಂಡಳು.

"ಆ ಪಟಾಕಿ ಹೊಡೀದೆ ಇದ್ದಿದ್ರೆ?" ಎಂದಳು.

ಶಿವರತ್ನಮ್ಮ ಫೋನನ್ನು ಕೆಳಗಿಳಿಸಿದರು.

"ಸತ್ತೋಗ್ತಿದ್ನಾ ಮೇಡಂ?"

ಹತ್ತು ದಿನದಿಂದ ಆ ಶಬ್ದವನ್ನು ಯಾರೂ ಅವಳ ಮುಂದೆ ಆಡಿರಲಿಲ್ಲ. ಕಾಯಿ ತಂದವರು, ಹೂವು ತಂದವರು, ಫೋಟೊ ತೆಗೆದವರು, ಒಬ್ಬರೂ.

"ಹೂಂ ಕಣವ್ವ. ನನ್ನ ಮಾತು ನಂಬಿ ಸತ್ತೋಗ್ತಿದ್ದೆ," ಎಂದರು ಶಿವರತ್ನಮ್ಮ.

ಎತ್ತಿದ ಕೈ ಕೆಳಗಿಳಿಯಿತು. ಮೊದಲು ಬೆರಳುಗಳು ನಡುಗಿದವು, ಆಮೇಲೆ ತುಟಿ. ಪವಿತ್ರ ಇದ್ದಲ್ಲೇ ಕುಸಿದು ಕೂತಳು. ಹತ್ತು ದಿನ ತಡವಾಗಿ ಬಂದ ಹೆದರಿಕೆ ಒಂದೇ ಸಲಕ್ಕೆ ಬಂದಿತ್ತು. ಹಲ್ಲು ಕಟಕಟ ಎನ್ನುತ್ತಿತ್ತು, ಅಜ್ಜಿ ಓಡಿಬಂದು ತಬ್ಬಿಕೊಂಡರೂ ನಡುಕ ನಿಲ್ಲಲಿಲ್ಲ. ದೀಪಶ್ರೀ ನೀರು ತಂದು, ಶಿವರತ್ನಮ್ಮನವರ ಮುಖ ನೋಡಲಾರದೆ ತಲೆ ತಗ್ಗಿಸಿ ನಿಂತಳು. ಮಗುವನ್ನು ಹಾಗೆ ನಡುಗಿಸಿದ್ದಕ್ಕೆ ಸಭಾಂಗಣದಲ್ಲಿ ಬೈಗುಳವೂ ಕೇಳಿಸಿತು. ಶಿವರತ್ನಮ್ಮ ನೆಲದ ಮೇಲೆ ಹುಡುಗಿಯ ಪಕ್ಕದಲ್ಲೇ ಕೂತು, ಆ ನಡುಗುವ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು. ಇನ್ನು ಇವಳು ಆನೆಗೆ ಹೆದರುತ್ತಾಳೆ ಎಂದು ಅಷ್ಟು ದಿನಗಳಲ್ಲಿ ಮೊದಲ ಸಲ ಅವರಿಗೆ ಸಮಾಧಾನವಾಯಿತು.

ಊಟದ ಹೊತ್ತಿಗೆ ಜನ ಚದುರಿದರು. ಪ್ರಭುಸ್ವಾಮಿ ಇರುವೆಯ ಪುಸ್ತಕದ ಕಟ್ಟನ್ನು ಮತ್ತೆ ಕಟ್ಟಿ ವ್ಯಾನಿಗೆ ಹಾಕಿಸಿದ. ಶಿವರತ್ನಮ್ಮ ಪೇಟ, ಶಾಲುಗಳನ್ನು ಕುರ್ಚಿಯ ಮೇಲೆ ಮಡಿಸಿಟ್ಟು ಹೊರಗೆ ಬಂದಾಗ, ಅಜ್ಜಿ ಮೊಮ್ಮಗಳು ಲೊಕ್ಕನಹಳ್ಳಿಯ ಬಸ್ಸಿಗೆ ಕಾಯುತ್ತ ನಿಂತಿದ್ದರು. ಚಿಕ್ಕನಿಂಗಮ್ಮ ಮುಖ ತಿರುಗಿಸಿಕೊಂಡಳು. ಪವಿತ್ರ ಮಾತ್ರ ಅವರನ್ನೇ ನೋಡುತ್ತಿದ್ದಳು. ಅತ್ತು ಅತ್ತು ಕಣ್ಣು ಊದಿತ್ತು.

"ಬಸ್ಸಿಳಿದ ಮ್ಯಾಲೆ ಹೊಲದ ದಾರೀಲಿ ಓಗ್ಬೇಕು," ಎಂದಳು. "ನಂಗೆ ಭಯ ಆಯ್ತದೆ. ಅಜ್ಜಿ ಒಬ್ಳೇ ಸಾಲಲ್ಲ. ನೀವೂ ಬನ್ನಿ ಮೇಡಂ."

ಬರುತ್ತೇನೆ ಎಂದು ಶಿವರತ್ನಮ್ಮ ಅವಳ ಪಕ್ಕದಲ್ಲಿ ನಿಂತರು.